ದುಡಿಯುವ ಕೈ ನಿಂತಾಗ: ಶಾಶ್ವತ ಪೂರ್ಣ ಅಂಗವಿಕಲತೆಗೆ ಸಿಗಬೇಕಾದ ನಷ್ಟಪರಿಹಾರ



ಸಂಘದ ಸಾಲ, ಉಳಿತಾಯ, ಬಡ್ಡಿ ಲೆಕ್ಕ ಈಗ ನಿಮಗೆಲ್ಲ ಬಾಯಿಪಾಠವಾಗಿದೆ. ನಡಾವಳಿ ಪುಸ್ತಕ ಬರೆಯುವುದನ್ನೂ ಕಲಿತಿದ್ದೀರಿ. ಆದರೆ ಮನೆಯಲ್ಲಿ ದುಡಿಯುವವರು ಕೆಲಸದ ಜಾಗದಲ್ಲಿ ಬಿದ್ದು, ಮತ್ತೆ ಎದ್ದು ದುಡಿಯಲಾರದ ಹಾಗೆ ಆದರೆ ಯಾರಿಂದ, ಎಷ್ಟು ಬರಬೇಕು ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಒಬ್ಬರು, “ಮಾಲೀಕರು ಒಳ್ಳೆಯೋರಾದ್ರೆ ಏನಾದ್ರೂ ಕೊಡ್ತಾರೆ ಸಿಸ್ಟರ್” ಅನ್ನುತ್ತಾರೆ. ಇದು ಮಾಲೀಕರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ. ಇದಕ್ಕೆ ಕಾನೂನು ಇದೆ, ಆ ಕಾನೂನಿನಲ್ಲಿ ಲೆಕ್ಕವೂ ಇದೆ. ಆ ಲೆಕ್ಕ ಗೊತ್ತಿಲ್ಲದೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಹೆಬ್ಬೆಟ್ಟು ಒತ್ತಿ ಕೂರುವ ಮನೆಗಳನ್ನು ನೋಡಿ ನೋಡಿ ಈ ಪಾಠ ಬರೆಯುತ್ತಿದ್ದೇವೆ.

ನಮ್ಮ ಆವತಿ ಸುತ್ತಮುತ್ತ ಕೆಲಸದ ರೀತಿ ಬದಲಾಗಿ ಬಹಳ ವರ್ಷವಾಯಿತು. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆದ್ದಾರಿ ಉದ್ದಕ್ಕೂ ಲೇಔಟು, ಅಪಾರ್ಟ್‌ಮೆಂಟು, ಗೋಡೌನು ಎದ್ದವು. ನಿಮ್ಮ ಮನೆಯವರು ಒಬ್ಬರು ಸೆಂಟ್ರಿಂಗ್ ಕೆಲಸಕ್ಕೆ, ಒಬ್ಬರು ಕ್ರಷರ್‌ಗೆ, ಮಗ ಟಿಪ್ಪರ್ ಓಡಿಸಲು, ಮಗಳು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ, ವಿಜಯಪುರದ ಕಡೆಯವರು ರೇಷ್ಮೆ ನೂಲು ತೆಗೆಯಲು ಹೋಗುತ್ತಾರೆ. ಅಪಘಾತದಲ್ಲಿ ಯಾರಾದರೂ ಸತ್ತರೆ ಪೇಪರಿನಲ್ಲಿ ಬರುತ್ತದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸ್ಫೋಟದಲ್ಲಿ ಆರು ಜನ ಸತ್ತಾಗ ಮಂತ್ರಿಗಳೂ ಬಂದರು, ಟಿವಿಯವರೂ ಬಂದರು. ಆದರೆ ಸಾರುವೆಯಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರ ಸುದ್ದಿ ಊರು ದಾಟುವುದಿಲ್ಲ. ಅವರನ್ನು ತಿರುಗಿಸಿ ಮಲಗಿಸುವುದು, ಹಾಸಿಗೆ ಹುಣ್ಣು ತೊಳೆಯುವುದು, ಮೂತ್ರದ ಪೈಪು ನೋಡಿಕೊಳ್ಳುವುದು ಎಲ್ಲ ಮನೆಯ ಹೆಂಗಸಿನ ಪಾಲು. ಆಮೇಲೆ ಅವಳ ಕೂಲಿಯೂ ನಿಲ್ಲುತ್ತದೆ. ಒಬ್ಬರಿಗೆ ಆದ ಗಾಯದಿಂದ ಎರಡು ಕೂಲಿ ಹೋಗುತ್ತದೆ.

ಯಾವ ಕಾನೂನು?

ಬ್ರಿಟಿಷರ ಕಾಲದ 1923ರ ಕಾಯ್ದೆ ಒಂದಿತ್ತು. ಮೊದಲು ಅದನ್ನು ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆ ಎನ್ನುತ್ತಿದ್ದರು, 2010ರಿಂದ ನೌಕರರ ನಷ್ಟ ಪರಿಹಾರ ಕಾಯ್ದೆ ಎಂದಾಯಿತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಹೆಸರು ಬದಲಾಯಿತೆಂದು ಗಾಬರಿಯಾಗಬೇಡಿ. ನಷ್ಟಪರಿಹಾರದ ಮುಖ್ಯ ನಿಯಮಗಳು ಹೆಚ್ಚು ಕಡಿಮೆ ಹಾಗೆಯೇ ಇವೆ. ಆ ದಿನಾಂಕಕ್ಕಿಂತ ಮುಂಚೆ ನಡೆದ ಅಪಘಾತವಾದರೆ ಹಳೆಯ ಕಾಯ್ದೆಯ ಲೆಕ್ಕ, ಆಮೇಲೆ ನಡೆದಿದ್ದರೆ ಹೊಸದರ ಲೆಕ್ಕ. ಆದ್ದರಿಂದ ಅಪಘಾತವಾದ ದಿನಾಂಕವನ್ನು ಮೊದಲು ಬರೆದಿಟ್ಟುಕೊಳ್ಳಿ.

ಇನ್ನೊಂದು ದಾರಿ ಇ.ಎಸ್.ಐ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆ, ಅಂಗಡಿ, ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದಕ್ಕೆ ಸೇರುತ್ತಾರೆ. ಸಂಬಳದಿಂದ ನೂರಕ್ಕೆ 75 ಪೈಸೆ ಹಿಡಿಯುತ್ತಾರೆ, ಮಾಲೀಕರು ನೂರಕ್ಕೆ 3 ರೂಪಾಯಿ 25 ಪೈಸೆ ಸೇರಿಸುತ್ತಾರೆ. ಇ.ಎಸ್.ಐ. ಇರುವವರು ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ನಷ್ಟಪರಿಹಾರ ಕೇಳಲು ಬರುವುದಿಲ್ಲ, ಇ.ಎಸ್.ಐ.ನಿಂದಲೇ ಪಡೆಯಬೇಕು. ಇ.ಎಸ್.ಐ. ಇಲ್ಲದ ಕೂಲಿಗಾರರು, ಅಂದರೆ ಕಟ್ಟಡದವರು, ಕ್ವಾರಿಯವರು, ಲಾರಿ ಚಾಲಕರು, ಕ್ಲೀನರ್‌ಗಳು, ನಾಲ್ಕಾರು ಜನರ ಸಣ್ಣ ಮಗ್ಗದ ಮನೆಯವರು, ಟ್ರ್ಯಾಕ್ಟರ್ ಮತ್ತು ಯಂತ್ರಗಳಲ್ಲಿ ಹೊಲದ ಕೆಲಸ ಮಾಡುವವರು, ಮಾಲೀಕರಿಂದ ನಷ್ಟಪರಿಹಾರ ಕೇಳಬೇಕು. “ನಾನು ದಿನಗೂಲಿ, ನನ್ನ ಹೆಸರು ಪುಸ್ತಕದಲ್ಲಿಲ್ಲ” ಎಂದು ಹಿಂದೆ ಸರಿಯಬೇಡಿ. ದಿನಗೂಲಿಯವರೂ ಇದರಲ್ಲಿ ಬರುತ್ತಾರೆ.

‘ಪೂರ್ಣ’ ಎಂದರೆ ಎಷ್ಟು?

ಇದೇ ಈ ಪಾಠದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಕಾನೂನಿನ ಜೊತೆಯಲ್ಲಿ ಒಂದು ಪಟ್ಟಿ ಇದೆ. ಎರಡೂ ಕೈ ಹೋದರೆ, ಒಂದು ಕೈ ಮತ್ತು ಒಂದು ಪಾದ ಹೋದರೆ, ಎರಡೂ ಕಾಲು ಕತ್ತರಿಸಿದರೆ, ಕಣ್ಣಿನಿಂದ ಮಾಡುವ ಯಾವ ಕೆಲಸಕ್ಕೂ ಆಗದಷ್ಟು ದೃಷ್ಟಿ ಹೋದರೆ, ಮುಖ ತೀರಾ ವಿಕಾರವಾದರೆ, ಕಿವಿ ಪೂರ್ತಿ ಕೇಳದಂತಾದರೆ ಅದು ನೂರಕ್ಕೆ ನೂರು, ಅಂದರೆ ಶಾಶ್ವತ ಪೂರ್ಣ ಅಂಗವಿಕಲತೆ. ಪಟ್ಟಿಯ ಎರಡನೇ ಭಾಗದಲ್ಲಿ ಚಿಕ್ಕ ಲೆಕ್ಕಗಳಿವೆ: ಭುಜದ ಕೀಲಿನಿಂದ ತೋಳು ಹೋದರೆ ನೂರಕ್ಕೆ 90, ಒಂದು ಹಸ್ತ ಹೋದರೆ 60, ಹೆಬ್ಬೆರಳು ಹೋದರೆ 30, ಹೀಗೆ.

ವಿಮಾ ಕಂಪನಿಯವರು, ಮಾಲೀಕರ ಕಡೆಯ ವಕೀಲರು ತೋರಿಸುವುದು ಈ ಎರಡನೇ ಭಾಗವನ್ನು. “ಒಂದು ಕಾಲು ತಾನೇ ಹೋಗಿದ್ದು, ಅರವತ್ತು ಪರ್ಸೆಂಟು” ಎನ್ನುತ್ತಾರೆ. ಪಟ್ಟಿಯಲ್ಲಿ ಹಾಗೆ ಇರುವುದು ನಿಜವೇ. ಆದರೆ ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. ಅಪಘಾತದ ಹೊತ್ತಿಗೆ ಆ ವ್ಯಕ್ತಿ ಮಾಡಬಲ್ಲವರಾಗಿದ್ದ ಎಲ್ಲ ಕೆಲಸಕ್ಕೂ ಅವರನ್ನು ಅಶಕ್ತರನ್ನಾಗಿ ಮಾಡಿದರೆ ಅದು ಪೂರ್ಣ ಅಂಗವಿಕಲತೆ ಎನ್ನುತ್ತದೆ ಅದರ ವ್ಯಾಖ್ಯೆ. ದೇಹದಲ್ಲಿ ಎಷ್ಟು ಭಾಗ ಉಳಿದಿದೆ ಎನ್ನುವುದಷ್ಟೇ ಅಲ್ಲ, ಆ ದೇಹದಿಂದ ಇನ್ನು ದುಡಿಯಲು ಆಗುತ್ತದೆಯೇ ಎನ್ನುವುದು ಪ್ರಶ್ನೆ.

ಇದನ್ನು ಸುಪ್ರೀಂ ಕೋರ್ಟು ಎರಡು ಪ್ರಕರಣಗಳಲ್ಲಿ ಸ್ಪಷ್ಟ ಮಾಡಿದೆ. ಮೊದಲನೆಯದು ಒರಿಸ್ಸಾದ ಒಬ್ಬ ಬಡಗಿಯದು. 1968ರಲ್ಲಿ ಸಿನಿಮಾ ಮಂದಿರವೊಂದರಲ್ಲಿ ಕೆಲಸ ಮಾಡುವಾಗ ಬಿದ್ದು ಅವರ ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಬೇಕಾಯಿತು. ಪಟ್ಟಿ ಪ್ರಕಾರ ಅದು ಪೂರ್ಣ ಅಲ್ಲ ಎಂದು ಮಾಲೀಕರು ವಾದಿಸಿದರು. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲು ಆಗದು, ಆದ್ದರಿಂದ ಇದು ಪೂರ್ಣ ಅಂಗವಿಕಲತೆಯೇ ಎಂದು ಆಯುಕ್ತರು ಹೇಳಿದ್ದನ್ನು 1975ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ವಕೀಲರು ಇದನ್ನು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎನ್ನುತ್ತಾರೆ. ಈ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಎಂದಾದರೂ ಬೇಕಾಗಬಹುದು.

ಎರಡನೆಯದು ನಮ್ಮ ಕರ್ನಾಟಕದ್ದೇ. ಶಿವಮೊಗ್ಗ ಜಿಲ್ಲೆಯ ಆಯನೂರಿನಿಂದ ಶಿವಮೊಗ್ಗದ ಕಡೆ ಟ್ಯಾಂಕರ್ ಓಡಿಸಿಕೊಂಡು ಬರುತ್ತಿದ್ದ ಯುವಕನಿಗೆ ಎದುರಿನಿಂದ ಬಂದ ಟ್ರ್ಯಾಕ್ಟರ್ ಜೊತೆ ಅಪಘಾತವಾಗಿ ಬಲಗಾಲನ್ನು ಮೊಣಕಾಲಿನವರೆಗೆ ತೆಗೆಯಬೇಕಾಯಿತು. ಆಯುಕ್ತರು ನೂರಕ್ಕೆ ನೂರು ಎಂದು ಪರಿಹಾರ ಕೊಟ್ಟರು. ವಿಮಾ ಕಂಪನಿ ಮೇಲ್ಮನವಿ ಹೋಯಿತು, ಹೈಕೋರ್ಟು ಅದನ್ನು 65ಕ್ಕೆ ಇಳಿಸಿತು. ಆ ಚಾಲಕ ಬಿಡಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಅದೇ ಬಡಗಿಯ ತೀರ್ಪನ್ನು ಮುಂದಿಟ್ಟು, ಟ್ಯಾಂಕರ್ ಚಾಲಕನಾಗಿ ದುಡಿಯುವ ಶಕ್ತಿ ಅವರಿಗೆ ನೂರಕ್ಕೆ ನೂರು ಹೋಗಿದೆ ಎಂದು ಹೇಳಿ ಆಯುಕ್ತರ ಆದೇಶವನ್ನೇ ಎತ್ತಿ ಹಿಡಿಯಿತು. ನೂರಕ್ಕೂ 65ಕ್ಕೂ ನಡುವೆ ಇರುವ ವ್ಯತ್ಯಾಸ ಬರೀ ಅಂಕಿಯದಲ್ಲ, ಒಂದು ಸಂಸಾರದ ಎಷ್ಟೋ ವರ್ಷಗಳ ಊಟ.

ಹಾಗೆಂದು ಕೈಕಾಲು ಹೋದವರಿಗೆಲ್ಲ ನೂರಕ್ಕೆ ನೂರು ಬಂದೇ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಕೂತು ಮಾಡುವ ಕೆಲಸದವರಿಗೆ ಒಂದು ಕಾಲು ಹೋದರೆ ಲೆಕ್ಕ ಬೇರೆಯಾಗಬಹುದು. ಅವರ ಕೆಲಸ ಯಾವುದು, ಓದು ಎಷ್ಟು, ಬೇರೆ ಏನು ಮಾಡಬಲ್ಲರು ಎಂಬುದನ್ನು ಸಾಕ್ಷಿ ಸಮೇತ ತೋರಿಸಬೇಕು. ಕಲ್ಲು ಹೊಡೆಯುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲ ಎನ್ನುವುದೂ ಹೇಳಬೇಕಾದ ಮಾತೇ.

ಬೆನ್ನುಹುರಿಯ ಗಾಯ, ತಲೆಯ ಗಾಯ ಆ ಪಟ್ಟಿಯಲ್ಲೇ ಇಲ್ಲ. ಕಟ್ಟಡ ಕೆಲಸದಲ್ಲಿ ಆಗುವುದು ಇವೇ. ಇಂಥ ಗಾಯಕ್ಕೆ ವೈದ್ಯರು ಎಷ್ಟು ಎಂದು ಬರೆದು ಕೊಡುತ್ತಾರೋ ಅದು ಆಧಾರ. ಇಲ್ಲೇ ಬಹಳ ಜನ ಎಡವುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾಸಾಶನ, ಬಸ್ ಪಾಸ್‌ಗಾಗಿ ಕೊಡುವ ಅಂಗವಿಕಲರ ಪ್ರಮಾಣಪತ್ರದಲ್ಲಿ ಇರುವುದು ದೇಹದ ಶೇಕಡಾ. ನಷ್ಟಪರಿಹಾರಕ್ಕೆ ಬೇಕಾಗಿರುವುದು ‘ಗಳಿಕೆಯ ಸಾಮರ್ಥ್ಯ ಎಷ್ಟು ಹೋಗಿದೆ’ ಎನ್ನುವ ಮಾತು. ಎರಡೂ ಒಂದೇ ಅಲ್ಲ. ದೇಹದ ಲೆಕ್ಕದಲ್ಲಿ ಪೂರ್ತಿ ಇಲ್ಲದವರಿಗೂ ದುಡಿಮೆಯ ಲೆಕ್ಕದಲ್ಲಿ ಪೂರ್ತಿ ಹೋಗಿರಬಹುದು. ವೈದ್ಯರ ಹತ್ತಿರ ಹೋದಾಗ, “ಡಾಕ್ಟ್ರೇ, ಇವರು ಗಾರೆ ಕೆಲಸದವರು, ಈ ಕೆಲಸಕ್ಕೆ ಇನ್ನು ಹೋಗಬಹುದಾ, ಎಷ್ಟು ದುಡಿಯೋಕೆ ಆಗುತ್ತೆ ಅಂತಲೂ ಬರೆದುಕೊಡಿ” ಎಂದು ಬಾಯಿಬಿಟ್ಟು ಕೇಳಿ.

ಹಣದ ಲೆಕ್ಕ

ತಿಂಗಳ ಕೂಲಿಯ ನೂರಕ್ಕೆ 60 ಭಾಗ ತೆಗೆದು, ಅದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ವಯಸ್ಸು ಚಿಕ್ಕದಿದ್ದಷ್ಟು ಅಂಕಿ ದೊಡ್ಡದು, ಯಾಕೆಂದರೆ ಮುಂದೆ ದುಡಿಯಬೇಕಿದ್ದ ವರ್ಷಗಳು ಹೆಚ್ಚು. 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09, 60ಕ್ಕೆ 117.41. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಗೆ ಸರ್ಕಾರ ಒಂದು ಮಿತಿ ಹಾಕುತ್ತದೆ. 2010ರಲ್ಲಿ ಅದು 8,000 ಇತ್ತು, 2020ರ ಜನವರಿ 3ರಿಂದ 15,000 ಮಾಡಿದರು. ಅಪಘಾತದ ದಿನ ಯಾವ ಮಿತಿ ಇತ್ತೋ ಅದೇ ಲೆಕ್ಕಕ್ಕೆ ಬರುತ್ತದೆ, ಅದನ್ನು ವಕೀಲರಲ್ಲಿ ಕೇಳಿ ತಿಳಿಯಿರಿ.

ಒಂದು ಉದಾಹರಣೆ ಮಾಡೋಣ. 30 ವರ್ಷದ ಸೆಂಟ್ರಿಂಗ್ ಕೆಲಸಗಾರ, ತಿಂಗಳಿಗೆ 18,000 ದುಡಿಯುತ್ತಿದ್ದರು, ಎರಡೂ ಕಾಲು ಸ್ವಾಧೀನ ತಪ್ಪಿತು ಎಂದುಕೊಳ್ಳಿ. 15,000ದ ಮಿತಿಯಲ್ಲಿ ನೂರಕ್ಕೆ 60 ಅಂದರೆ 9,000. ಅದನ್ನು 207.98ರಿಂದ ಗುಣಿಸಿದರೆ 18,71,820 ರೂಪಾಯಿ. ತಿಂಗಳಿಗೆ 12,000 ದುಡಿಯುವ 40 ವರ್ಷದ ಅಕ್ಕ ಒಬ್ಬರು ಕ್ರಷರ್ ಬೆಲ್ಟಿಗೆ ಸಿಕ್ಕಿ ಎರಡೂ ಕೈ ಕಳೆದುಕೊಂಡರೆ 7,200ನ್ನು 184.17ರಿಂದ ಗುಣಿಸಬೇಕು, 13,26,024 ರೂಪಾಯಿ. ಸಭೆಯಲ್ಲಿ ಮೊಬೈಲಿನಲ್ಲೇ ಗುಣಿಸಿ ನೋಡಿ. ಆಮೇಲೆ, “ಐವತ್ತು ಸಾವಿರ ತಗೊಂಡು ಸುಮ್ನಿರಿ, ಕೋರ್ಟು ಕಚೇರಿ ಅಲೀಬೇಡಿ” ಎಂದು ಮೇಸ್ತ್ರಿ ಹೇಳುವ ಮಾತನ್ನು ಇದರ ಪಕ್ಕದಲ್ಲಿಟ್ಟು ತೂಗಿ.

ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕರು ಬೇರೆಯಾಗಿ ಕೊಡಬೇಕು, ಅದನ್ನು ಈ ಮೊತ್ತದಲ್ಲಿ ಕಳೆಯುವಂತಿಲ್ಲ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಸೇರುತ್ತದೆ. ಸರಿಯಾದ ಕಾರಣವಿಲ್ಲದೆ ಸತಾಯಿಸಿದರೆ ಮೊತ್ತದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ಮೇಲಿನ ಮೊದಲ ಉದಾಹರಣೆಯಲ್ಲಿ ಬಡ್ಡಿಯೇ ವರ್ಷಕ್ಕೆ ಎರಡು ಲಕ್ಷ ಇಪ್ಪತ್ತನಾಲ್ಕು ಸಾವಿರ ದಾಟುತ್ತದೆ.

ಆದರೂ ನಮಗೆ ಒಂದು ಬೇಸರ ಇದೆ. ಮಲಗಿದವರನ್ನು ಜೀವನಪೂರ್ತಿ ನೋಡಿಕೊಳ್ಳುವ ಹೆಂಡತಿಯ ಅಥವಾ ತಾಯಿಯ ದುಡಿಮೆಗೆ ಈ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ.

ಇ.ಎಸ್.ಐ.ನಲ್ಲಿ ಲೆಕ್ಕ ಬೇರೆ. ಅಲ್ಲಿ ಒಟ್ಟಿಗೆ ದೊಡ್ಡ ಮೊತ್ತ ಕೊಡುವುದಿಲ್ಲ. ಪೂರ್ಣ ಅಂಗವಿಕಲತೆ ಎಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದರೆ ಸರಾಸರಿ ದಿನಗೂಲಿಯ ನೂರಕ್ಕೆ 90ರಂತೆ, ಬದುಕಿರುವವರೆಗೂ ಪ್ರತಿ ತಿಂಗಳು ಬರುತ್ತದೆ. ದಿನಕ್ಕೆ 600 ಇದ್ದವರಿಗೆ ದಿನಕ್ಕೆ 540. ನಮ್ಮನ್ನು ಕೇಳಿದರೆ ಹೆಂಗಸರ ಕೈಗೆ ಇದೇ ಒಳ್ಳೆಯದು, ತಿಂಗಳು ತಿಂಗಳು ಬರುವ ಹಣವನ್ನು ಬಂಧುಗಳು ಸಾಲ ಕೇಳಲು ಬರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಇದು ಸಿಗುತ್ತದೆ, ಇಷ್ಟು ತಿಂಗಳು ಹಣ ಕಟ್ಟಿರಬೇಕು ಎಂಬ ನಿಯಮ ಕೆಲಸದ ಗಾಯಕ್ಕೆ ಇಲ್ಲ. ಮಂಡಳಿಯ ತೀರ್ಮಾನ ಸರಿ ಇಲ್ಲವೆಂದರೆ ಮೇಲ್ಮನವಿಗೂ ಅವಕಾಶ ಇದೆ.

ಮಾಲೀಕರು ಹೇಳುವ ಮಾತುಗಳು

“ಕುಡಿದಿದ್ದ”, “ಬೆಲ್ಟ್ ಹಾಕ್ಕೊಳ್ಳೋ ಅಂದ್ರೂ ಹಾಕ್ಕೊಳ್ಳಲಿಲ್ಲ”. ಇವನ್ನು ಎಲ್ಲರೂ ಕೇಳಿದ್ದೀರಿ. ಸಣ್ಣ ಗಾಯಗಳಲ್ಲಿ ಈ ಕಾರಣ ಹೇಳಿ ಮಾಲೀಕರು ತಪ್ಪಿಸಿಕೊಳ್ಳಬಹುದು. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆದಾಗ ಈ ಕಾರಣಗಳು ನಿಲ್ಲುವುದಿಲ್ಲ. ತಪ್ಪು ಕೆಲಸಗಾರರದೇ ಆಗಿದ್ದರೂ ಪರಿಹಾರ ಕೊಡಬೇಕು.

“ನಾನು ಕಂಟ್ರಾಕ್ಟರ್‌ಗೆ ಕೊಟ್ಟಿದ್ದೀನಿ, ಅವನನ್ನ ಕೇಳಿ” ಎನ್ನುವುದು ಇನ್ನೊಂದು. ಬಿಲ್ಡರ್ ಅಥವಾ ಕಂಪನಿ ತನ್ನ ವ್ಯಾಪಾರದ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೆ ಪರಿಹಾರವನ್ನು ಆ ಬಿಲ್ಡರ್‌ನಿಂದಲೇ ಕೇಳಬಹುದು. ಅವರು ಆಮೇಲೆ ಕಂಟ್ರಾಕ್ಟರ್‌ನಿಂದ ವಸೂಲು ಮಾಡಿಕೊಳ್ಳಲಿ.

“ಕೆಲಸದ ಜಾಗದಲ್ಲಿ ಆಗಿಲ್ಲ, ರಸ್ತೆಯಲ್ಲಿ ಆಗಿದೆ.” ಹೊಸ ಸಂಹಿತೆಯಲ್ಲಿ ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಬರುವಾಗ ಆಗುವ ಅಪಘಾತವನ್ನೂ ಸೇರಿಸಿದ್ದಾರೆ, ಆ ಹೊತ್ತು ಮತ್ತು ಜಾಗಕ್ಕೂ ಕೆಲಸಕ್ಕೂ ಸಂಬಂಧ ಇರಬೇಕು ಅಷ್ಟೇ. ವಾಹನ ಗುದ್ದಿದ ಪ್ರಕರಣದಲ್ಲಿ ಮೋಟಾರು ವಾಹನ ಕಾಯ್ದೆಯಲ್ಲೂ ಪರಿಹಾರ ಕೇಳಬಹುದು. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕಾದ್ದರಿಂದ ಸಹಿ ಹಾಕುವ ಮುಂಚೆ ಯಾವುದರಲ್ಲಿ ಹೆಚ್ಚು ಬರುತ್ತದೆ ಎಂದು ವಕೀಲರಲ್ಲಿ ಕೇಳಿ.

ಇನ್ನು ಛಾಪಾ ಕಾಗದದ ವಿಷಯ. “ಮುಂದೆ ಏನೂ ಕೇಳುವುದಿಲ್ಲ” ಎಂದು ಬರೆಸಿಕೊಂಡರೂ, ಕಾನೂನಿನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಬೆಲೆ ಇಲ್ಲ. ಹೀಗೆ ಬರೆದುಕೊಟ್ಟವರೂ ಧೈರ್ಯವಾಗಿ ಅರ್ಜಿ ಹಾಕಬಹುದು. ಗಾಯಗೊಂಡವರು ಹೆಂಗಸಾದರೆ ಒಟ್ಟು ಮೊತ್ತವನ್ನು ಮಾಲೀಕರು ಕೈಗೆ ಕೊಟ್ಟು ಮುಗಿಸುವಂತೆಯೇ ಇಲ್ಲ, ಅಧಿಕಾರಿಯ ಬಳಿ ಠೇವಣಿ ಇಡಬೇಕು ಎಂದು 1923ರ ಕಾಯ್ದೆಯ ಕಾಲದಿಂದಲೂ ನಿಯಮವಿದೆ.

ಮೊದಲ ವಾರದಲ್ಲಿ ಮಾಡಬೇಕಾದ್ದು

ಮನೆಯವರು ಆಸ್ಪತ್ರೆಯಲ್ಲಿ ಓಡಾಡುತ್ತಿರುವಾಗ ಸಂಘದ ಇಬ್ಬರು ಸದಸ್ಯರು ಈ ಕೆಲಸ ಹೊತ್ತುಕೊಳ್ಳಬೇಕು. ಆಸ್ಪತ್ರೆಗೆ ಸೇರಿಸುವಾಗಲೇ “ಕೆಲಸದ ಜಾಗದಲ್ಲಿ ಬಿದ್ದದ್ದು” ಎಂದು ಸರಿಯಾಗಿ ಬರೆಸಿ. “ಮನೆಯಲ್ಲಿ ಜಾರಿ ಬಿದ್ದ” ಎಂದು ಬರೆಸಲು ಹೇಳುವವರು ಇರುತ್ತಾರೆ, ಹಾಗೆ ಬರೆಸಿದರೆ ಅರ್ಧ ಕೇಸು ಅಲ್ಲೇ ಹೋಯಿತು. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಬಿದ್ದ ಜಾಗದ ಫೋಟೋ ತೆಗೆಯಿರಿ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರ ಹೆಸರು, ಫೋನ್ ನಂಬರು ಬರೆದುಕೊಳ್ಳಿ, ಯಾಕೆಂದರೆ ಹೊರ ರಾಜ್ಯದವರು ವಾರದಲ್ಲೇ ಬೇರೆ ಸೈಟಿಗೆ ಹೋಗಿಬಿಡುತ್ತಾರೆ. ಕೂಲಿಯ ಗುರುತಿಗೆ ಬಟವಾಡೆ ಚೀಟಿ, ಮೇಸ್ತ್ರಿ ಫೋನಿಗೆ ಹಾಕಿದ ಹಣದ ವಿವರ, ಹಾಜರಿ ಪುಸ್ತಕದ ಫೋಟೋ, ಏನು ಸಿಕ್ಕಿದರೂ ಇಟ್ಟುಕೊಳ್ಳಿ. ಏನೂ ಇಲ್ಲದಿದ್ದರೆ ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಯನ್ನು ತೋರಿಸಿ ಕೇಳಬಹುದು. ವಯಸ್ಸಿನ ದಾಖಲೆ ಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ, ಔಷಧದ ಬಿಲ್ಲುಗಳ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ರಿಜಿಸ್ಟರ್ ಅಂಚೆಯ ರಸೀದಿ ಜೋಪಾನ ಮಾಡಿ.

ಅರ್ಜಿ ಹಾಕಲು ಎರಡು ವರ್ಷ ಸಮಯವಿದೆ. ವಾಸಿಯಾಗಲಿ ನೋಡೋಣ ಎಂದು ಕಾಯುತ್ತಾ ಕೂತರೆ ಇದು ಬೇಗ ಕಳೆದುಹೋಗುತ್ತದೆ. ಅಪಘಾತ ಹೊಸೂರಿನಲ್ಲೋ ಹೈದರಾಬಾದಿನಲ್ಲೋ ಆಗಿದ್ದರೂ ನೀವು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. ಹೆಂಗಸರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕೆಲಸಗಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ದೇವನಹಳ್ಳಿ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಆಸ್ಪತ್ರೆ ವಾರ್ಡಿಗೇ ಬಂದು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಬಂದ ಹಣದಲ್ಲಿ ಮೂರನೇ ಒಂದು ಪಾಲು ಕೇಳುವವರನ್ನು ದೂರ ಇಡಿ.

ಕ್ವಾರಿ ಮತ್ತು ಕ್ರಷರ್‌ಗೆ ಹೋಗುವವರಿಗೆ ಒಂದು ಮಾತು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯೂ ಕೆಲಸದ ಗಾಯದ ಹಾಗೆಯೇ ಪರಿಹಾರಕ್ಕೆ ಅರ್ಹ. ವರ್ಷಗಟ್ಟಲೆ ಟಿಬಿ ಮಾತ್ರೆ ನುಂಗಿಯೂ ಉಸಿರಾಟ ಸರಿಹೋಗದವರು ಎದೆಯ ಎಕ್ಸ್‌ರೇ ತೆಗೆಸಿ, ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೇವೆ ಎಂದು ವೈದ್ಯರಿಗೆ ಹೇಳಬೇಕು.

ಹಣ ಬಂದ ಮೇಲೆ

ಹದಿನೆಂಟು ಲಕ್ಷ ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಮೈದುನನಿಗೆ ಟ್ರ್ಯಾಕ್ಟರ್, ನಾದಿನಿ ಮದುವೆ, ಸೈಟಿನ ಅಡ್ವಾನ್ಸ್ ಎಂದು ಒಬ್ಬೊಬ್ಬರೇ ಬರುತ್ತಾರೆ. ಅಷ್ಟೇ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ನೂರಕ್ಕೆ 7 ಬಡ್ಡಿ ಸಿಕ್ಕಿತು ಎಂದುಕೊಂಡರೆ ತಿಂಗಳಿಗೆ 10,500 ರೂಪಾಯಿ ಬರುತ್ತದೆ, ಅಸಲು ಹಾಗೇ ಇರುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಠೇವಣಿ ಇರಲಿ. ಹಾಸಿಗೆ ಹುಣ್ಣಾಗದಂತೆ ಗಾಳಿ ಹಾಸಿಗೆ, ಗಾಲಿ ಕುರ್ಚಿ, ಮನೆಯ ಬಚ್ಚಲಿಗೆ ಇಳಿಜಾರು, ಇಷ್ಟಕ್ಕೆ ಮೊದಲು ಖರ್ಚು ಮಾಡಿ.

ಕಟ್ಟಡ ಕೆಲಸಕ್ಕೆ ಹೋಗುವವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ, ವರ್ಷಕ್ಕೆ 90 ದಿನ ಕೆಲಸ ಮಾಡಿದ ಗುರುತು ಇದ್ದರೆ ಸಾಕು. ಮಂಡಳಿಯ ಅಪಘಾತ ನೆರವು ಬೇರೆ, ಮಾಲೀಕರ ನಷ್ಟಪರಿಹಾರ ಬೇರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಹಾಗೆಯೇ ಬೇರೆ. 18ರಿಂದ 70 ವರ್ಷದೊಳಗಿನವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದಾಗ 2 ಲಕ್ಷ, ಒಂದು ಹೋದಾಗ 1 ಲಕ್ಷ ಬರುತ್ತದೆ. ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ಕಡಿತವಾಗದೆ ವಿಮೆ ನಿಂತುಹೋಗಿರುವವರು ನಮ್ಮ ಸಂಘಗಳಲ್ಲೇ ಇದ್ದಾರೆ. ಮುಂದಿನ ಸಭೆಗೆ ಎಲ್ಲರೂ ನಿಮ್ಮದೂ, ಮನೆಯವರದೂ ಪಾಸ್ ಪುಸ್ತಕ ತನ್ನಿ. ಮನೆಯಲ್ಲಿ ಯಾರು ಯಾರು ಎಲ್ಲಿ ಕೆಲಸ ಮಾಡುತ್ತಾರೆ, ಮೇಸ್ತ್ರಿ ಯಾರು, ಅವರ ಮೇಲಿನ ಕಂಟ್ರಾಕ್ಟರ್ ಯಾರು, ಕಟ್ಟಡ ಯಾರದು, ಇ.ಎಸ್.ಐ. ನಂಬರು ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬನ್ನಿ. ಅದನ್ನು ಸಂಘದ ಪೆಟ್ಟಿಗೆಯಲ್ಲಿ ಇಡೋಣ.